ಮೋಟಾರು ವಾಹನದ ಚರಿತ್ರೆ: ಎರಡು ಹಗ್ಗದ ಕಾಲರೇಖೆಯಲ್ಲಿ ಒಂದು ಅಭ್ಯಾಸ ಪಾಠ

ಬೋಧನಾಭ್ಯಾಸದ ದಿನಗಳಲ್ಲಿ 'ಮೋಟಾರು ವಾಹನದ ಚರಿತ್ರೆ' ಎಂಬ ವಿಷಯವನ್ನು ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಚಿತ್ರಗಳು ಸುಲಭವಾಗಿ ಸಿಗುತ್ತವೆ, ಚಾರ್ಟು ಅಂದವಾಗಿ ಕಾಣುತ್ತದೆ, ಮಕ್ಕಳಿಗೂ ಗಾಡಿ ಎಂದರೆ ಪ್ರೀತಿ. ಪಾಠ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗುತ್ತದೆ: 1769ರಲ್ಲಿ ಕ್ಯೂನ್ಯೊ, 1886ರಲ್ಲಿ ಬೆಂಜ್, 1908ರಲ್ಲಿ ಫೋರ್ಡ್, 1983ರಲ್ಲಿ ಮಾರುತಿ. ಕೊನೆಗೆ "ಕಾರಿನ ಪಿತಾಮಹ ಯಾರು?" ಎಂಬ ಪ್ರಶ್ನೆ ಬರುತ್ತದೆ, ಇಡೀ ತರಗತಿ ಒಕ್ಕೊರಲಿನಿಂದ "ಕಾರ್ಲ್ ಬೆಂಜ್" ಎನ್ನುತ್ತದೆ. ವೀಕ್ಷಣಾ ಪುಸ್ತಕದಲ್ಲಿ 'ಮಕ್ಕಳ ಪ್ರತಿಕ್ರಿಯೆ ಉತ್ತಮ' ಎಂದು ಬರೆಯಲಾಗುತ್ತದೆ. ಮಗುವಿಗೆ ದಕ್ಕಿದ್ದು ಒಂದು ಹೆಸರು ಮತ್ತು ನಾಲ್ಕು ಇಸವಿ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿ ಇದೇ ಪಾಠ ಬೇರೆಯೇ ತೂಕ ಪಡೆಯಬಲ್ಲದು. ಸೊಲ್ಲಾಪುರದಿಂದ ಬಂದ ರೈಲು ಮಾರ್ಗ ಕಲಬುರಗಿಯನ್ನು ಹಾದು 1871ರಲ್ಲೇ ರಾಯಚೂರು ಮುಟ್ಟಿತು. ಆದರೆ ಈ ಮೂರೂ ತಾಲೂಕು ಕೇಂದ್ರಗಳಿಗೆ ಇಂದಿಗೂ ರೈಲಿಲ್ಲ. ದತ್ತನ ದರ್ಶನಕ್ಕೆ ರೈಲಿನಲ್ಲಿ ಬರುವವರು 'ಗಾಣಗಾಪುರ ರೋಡ್' ನಿಲ್ದಾಣದಲ್ಲಿಳಿದು ಮತ್ತೆ ಬಸ್ಸೋ ಜೀಪೋ ಹಿಡಿಯಬೇಕು. ನಿಲ್ದಾಣದ ಹೆಸರಿನಲ್ಲಿರುವ ಆ 'ರೋಡ್' ಎಂಬ ಒಂದು ಮಾತನ್ನೇ ತರಗತಿಯಲ್ಲಿ ಐದು ನಿಮಿಷ ಚರ್ಚಿಸಬಹುದು: ರೈಲು ನಿಮ್ಮನ್ನು ರಸ್ತೆಯವರೆಗೆ ತಂದು ಬಿಡುತ್ತದೆ, ಮುಂದಿನದು ರಸ್ತೆಯ ಪಾಲು. ಹೀಗಾಗಿ ಇಲ್ಲಿನ ಮಕ್ಕಳಿಗೆ ಪೇಟೆ, ಆಸ್ಪತ್ರೆ, ಪ್ರೌಢಶಾಲೆ, ಕಾಲೇಜು ಎಲ್ಲವೂ ಮೋಟಾರಿನ ದಾರಿಯಲ್ಲೇ ಬಂದವು.

ಈ ಲೇಖನ ಎರಡು ಅವಧಿಗಳ ಪಾಠವೊಂದರ ರೂಪರೇಖೆ. 9ನೇ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಮುಗಿದ ಮೇಲೆ ಸಮಾಜ ವಿಜ್ಞಾನದವರು ತೆಗೆದುಕೊಳ್ಳಬಹುದು. ಎಂಜಿನ್ನಿನ ಭಾಗವನ್ನು ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಬಿಟ್ಟುಕೊಟ್ಟು ಇಬ್ಬರೂ ಜಂಟಿಯಾಗಿ ನಡೆಸಿದರೆ ಇನ್ನೂ ಒಳ್ಳೆಯದು. ಬೋಧನೋಪಕರಣಗಳು: ಐದೂವರೆ ಮೀಟರಿನ ಎರಡು ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ರಟ್ಟಿನ ಚೀಟಿಗಳು, ಒಂದು ಸೈಕಲ್ ಪಂಪು, ಹಳೆಯ ನೋಟ್‌ಬುಕ್ಕಿನ ಹಾಳೆಗಳು, ಕತ್ತರಿ. ಪ್ರೊಜೆಕ್ಟರ್ ಬೇಕಿಲ್ಲ.

ಪೀಠಿಕೆಯ ಪ್ರಶ್ನೆ

ಪೂರ್ವಜ್ಞಾನ ಪರೀಕ್ಷೆಗೆಂದು ಬಹುತೇಕ ಪಾಠ ಯೋಜನೆಗಳಲ್ಲಿ ಕಾಣುವ ಮೊದಲ ಪ್ರಶ್ನೆ: "ನಿಮ್ಮ ಮನೆಯಲ್ಲಿ ಯಾವ ಗಾಡಿ ಇದೆ?" ಇದನ್ನು ದಯವಿಟ್ಟು ಕೈಬಿಡಿ. ಈ ಪ್ರಶ್ನೆ ತರಗತಿಯನ್ನು ಎರಡು ಪಾಲು ಮಾಡುತ್ತದೆ. ಬೈಕು, ಟ್ರ್ಯಾಕ್ಟರು ಇರುವವರು ಕೈ ಎತ್ತುತ್ತಾರೆ. ಉಳಿದವರು ತಲೆ ತಗ್ಗಿಸುತ್ತಾರೆ, ಆಮೇಲೆ 40 ನಿಮಿಷವೂ ಮಾತಾಡುವುದಿಲ್ಲ. 'ಇದೆಯೇ' ಎಂದು ಕೇಳುವ ಬದಲು 'ಹೇಗೆ ಬಂದಿರಿ' ಎಂದು ಕೇಳಿದರೆ ಎಲ್ಲರಿಗೂ ಉತ್ತರವಿರುತ್ತದೆ. ಮಾತುಕತೆ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ಇವತ್ತು ಸಾಲಿಗೆ ಯಾರ್ಯಾರು ಹೆಂಗ ಬಂದ್ರಿ?"
"ನಾ ನಡ್ಕೊಂತ ಬಂದೀನ್ರಿ ಟೀಚರ್."
"ನಾ ಟಂಟಂನಾಗ್ರಿ. ಮುಂಜಾನೆ ಬಸ್ ಬರ್ಲಿಲ್ರಿ."
"ಬಸ್ ಬರಲಾರದ ದಿನ ಏನ್ ಮಾಡ್ತೀಯವ್ವಾ?"
"ಮಂದಿ ತುಂಬಿದ್ರ ಟಂಟಂ ಬಿಡ್ತಾರ್ರಿ. ಇಲ್ಲಂದ್ರ ತಿರುಗಿ ಮನಿಗೆ ಹೋಗ್ತೀವ್ರಿ."

ಈ ಕೊನೆಯ ಮಾತು ಬಂದ ಕೂಡಲೇ ಪಾಠದ ಗುರಿ ಸಿಕ್ಕಂತೆ. ಪ್ರೌಢಶಾಲೆ ಇಲ್ಲದ ಊರಿನ ಹುಡುಗಿಗೆ ಬಸ್ಸು ತಪ್ಪುವುದೆಂದರೆ ಒಂದು ದಿನದ ಗೈರುಹಾಜರಿ. ಅದು ಪದೇಪದೇ ಆದರೆ ಮನೆಯವರು "ಸಾಕು ಬಿಡು" ಎನ್ನುವ ಹಂತಕ್ಕೂ ಹೋಗುತ್ತದೆ. ಯಂತ್ರದ ಚರಿತ್ರೆಯಲ್ಲಿ 'ಯಾರು ಕಂಡುಹಿಡಿದರು' ಎಂಬುದರಷ್ಟೇ ದೊಡ್ಡ ಪ್ರಶ್ನೆ 'ಯಾರಿಗೆ ಯಾವಾಗ ಮುಟ್ಟಿತು' ಎಂಬುದು. ಮಗು ತನ್ನ ಮಾತಿನಲ್ಲೇ ಅದನ್ನು ಎತ್ತಿಕೊಟ್ಟಿರುತ್ತದೆ. ಅಂದಹಾಗೆ, ಮಕ್ಕಳು ಮನೆಯ ಮಾತಿನಲ್ಲಿ ಉತ್ತರಿಸಿದಾಗ ತಿದ್ದಲು ಹೋಗಬೇಡಿ. ಹಲಗೆಯ ಮೇಲೆ ಬರೆಯುವಾಗ ಶಿಷ್ಟ ರೂಪ ಬರೆದರೆ ಸಾಕು.

ಮೇಲಿನ ಹಗ್ಗ

ಎರಡೂ ಹಗ್ಗಗಳನ್ನು ಗೋಡೆಗೆ ಒಂದರ ಕೆಳಗೊಂದು ಕಟ್ಟಿ. ಮೇಲಿನದು ಜಗತ್ತಿಗೆ, ಕೆಳಗಿನದು ನಮ್ಮ ಭಾಗಕ್ಕೆ. 1760ರಿಂದ 2030ರವರೆಗೆ 27 ದಶಕ. ದಶಕಕ್ಕೆ 20 ಸೆಂಟಿಮೀಟರ್ ಹಿಡಿದರೆ 5 ಮೀಟರ್ 40 ಸೆಂಟಿಮೀಟರ್ ಆಗುತ್ತದೆ. ಅಳತೆಯನ್ನು ಮಕ್ಕಳೇ ಮಾಡಲಿ. ಕ್ಯೂನ್ಯೊನ ಚೀಟಿ 18ನೇ ಸೆಂಟಿಮೀಟರಿಗೆ ಬರುತ್ತದೆ, ಬೆಂಜ್‌ನದು 252ಕ್ಕೆ. ನಡುವೆ ಎರಡೂಕಾಲು ಮೀಟರಿಗೂ ಹೆಚ್ಚು ಖಾಲಿ ಹಗ್ಗ! ಪಟ್ಟಿ ಬರೆಸಿದಾಗ ಈ ಖಾಲಿ ಜಾಗ ಕಾಣುವುದೇ ಇಲ್ಲ. ಹಗ್ಗದ ಮೇಲೆ ಅದು ಎದ್ದು ಕಂಡು "117 ವರ್ಷ ಏನು ಮಾಡುತ್ತಿದ್ದರು?" ಎಂದು ಮಕ್ಕಳೇ ಕೇಳುವಂತೆ ಮಾಡುತ್ತದೆ.

ಉತ್ತರ ಕೈಗಾರಿಕಾ ಕ್ರಾಂತಿಯ ಪಾಠದಲ್ಲಿದೆ. ಕ್ಯೂನ್ಯೊ ಫ್ರಾನ್ಸಿನ ಸೈನ್ಯಕ್ಕಾಗಿ ಫಿರಂಗಿ ಎಳೆಯಲು ಮಾಡಿದ್ದು ಹಬೆಯ ಗಾಡಿ. ಮನುಷ್ಯನ ನಡಿಗೆಯಷ್ಟೇ ವೇಗ. ಹಬೆ ತೀರಿದಾಗ ನಿಲ್ಲಿಸಿ ಮತ್ತೆ ನೀರು ಕುದಿಸಬೇಕು. ಬೆಂಕಿ ಎಂಜಿನ್ನಿನ ಹೊರಗೆ ಉರಿಯುವವರೆಗೆ ಕುಲುಮೆ, ಹಂಡೆ, ನೀರು, ಕಲ್ಲಿದ್ದಲು ಎಲ್ಲವನ್ನೂ ಗಾಡಿಯೇ ಹೊರಬೇಕಿತ್ತು. ಆ ಭಾರ ಹಳಿಯ ಮೇಲೆ ಹೊಂದಿತು, ಮಣ್ಣಿನ ದಾರಿಗೆ ಹೊಂದಲಿಲ್ಲ. ಬೆಂಕಿಯನ್ನು ಸಿಲಿಂಡರಿನ ಒಳಗೇ ಹೊತ್ತಿಸುವ ಅಂತರ್ದಹನ ಎಂಜಿನ್ ಬಂದ ಮೇಲೆಯೇ ಗಾಡಿ ಹಗುರವಾಯಿತು. ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ರೂಪಿಸಿದ. ಹೀರುವುದು, ಒತ್ತುವುದು, ಉರಿಯುವುದು, ಹೊರದೂಡುವುದು: ಈ ನಾಲ್ಕನ್ನು ನಾಲ್ವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಭಿನಯಿಸಿದರೆ ಮೂರನೆಯ ಮಗು ಮಾತ್ರ 'ತಳ್ಳುತ್ತದೆ', ಉಳಿದ ಮೂವರು ಅದರ ತಳ್ಳಿನಲ್ಲಿ ಸಾಗುತ್ತಾರೆ ಎಂಬುದು ಕಾಣುತ್ತದೆ. ಒಂದೇ ಸಿಲಿಂಡರಿನ ಎಂಜಿನ್ 'ಡುಗ್ ಡುಗ್' ಎಂದು ಬಿಟ್ಟುಬಿಟ್ಟು ಸದ್ದು ಮಾಡುವುದೂ ಅದಕ್ಕೇ. ಭೀಮೆಯ ದಂಡೆಯ ಹೊಲಗಳಲ್ಲಿ ನೀರೆತ್ತುವ ಡೀಸೆಲ್ ಪಂಪಿನ ಸದ್ದನ್ನು ಕೇಳದ ಮಗು ಅಫಜಲಪುರ, ಜೇವರ್ಗಿಗಳಲ್ಲಿ ವಿರಳ. ಆ ಸದ್ದನ್ನೇ ನೆನಪಿಸಿ.

ಇನ್ನು ಬೆಂಜ್. 29 ಜನವರಿ 1886ರಂದು ಆತ ಪೇಟೆಂಟಿಗೆ ಅರ್ಜಿ ಹಾಕಿದ ವಾಹನಕ್ಕೆ ಗಾಲಿ ಮೂರು. ಮುಂದೆ ಒಂದು, ಹಿಂದೆ ಎರಡು, ಎಂಜಿನ್ ಹಿಂಭಾಗದಲ್ಲಿ. ಹಲಗೆಯ ಮೇಲೆ ಈ ಚಿತ್ರ ಬರೆದು "ಇದನ್ನು ಎಲ್ಲಿ ನೋಡೀರಿ?" ಎಂದು ಕೇಳಿದರೆ ಟಂಟಂನಲ್ಲಿ ಬಂದ ಮಗುವೇ ಮೊದಲು ಉತ್ತರಿಸುತ್ತದೆ. ಜಗತ್ತಿನ ಹೆಸರಾಂತ ಮೊದಲ ಮೋಟಾರು ಕಾರು ನಮ್ಮ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲುವ ಟಂಟಂನ ಹತ್ತಿರದ ನೆಂಟ ಎಂದು ತಿಳಿದಾಗ ಆ ಮಗುವಿನ ಮುಖ ನೋಡಬೇಕು. ಮೂರೇ ಗಾಲಿ ಏಕೆ? ಮುಂದಿನ ಎರಡು ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಸಮರ್ಪಕ ಉಪಾಯ ಬೆಂಜ್‌ಗೆ ಆಗ ಸಿಕ್ಕಿರಲಿಲ್ಲ. ತಿರುವಿನಲ್ಲಿ ಒಳಗಿನ ಗಾಲಿ ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. ಅದಕ್ಕೆ ಆತ ಪರಿಹಾರ ಕಂಡುಕೊಂಡು ನಾಲ್ಕು ಗಾಲಿಯ ಗಾಡಿ ತಂದದ್ದು 1893ರಲ್ಲಿ. ಮೂರು ಗಾಲಿಯೆಂದರೆ ಬಡವರ ಗಾಡಿ ಎಂಬ ಭಾವನೆ ಮಕ್ಕಳಲ್ಲಿ ಇರುತ್ತದೆ. ಅದು ಮೊದಲು ಒಂದು ತಾಂತ್ರಿಕ ತೊಡಕಿಗೆ ದೊರೆತ ಉತ್ತರವಾಗಿತ್ತು.

ಬೆಂಜ್‌ನ ಮಾತು ಮುಗಿಸಿ ಫೋರ್ಡ್‌ಗೆ ಓಡುವ ಮೊದಲು ಬರ್ತಾ ಬೆಂಜ್ ಬಳಿ ನಿಲ್ಲಿ. ಈ ಪಾಠದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದೇ. ಗಾಡಿ ತಯಾರಾಗಿ ಎರಡು ವರ್ಷವಾದರೂ ಕೊಳ್ಳುವವರು ಮುಂದೆ ಬಂದಿರಲಿಲ್ಲ. ಆಗಸ್ಟ್ 1888ರ ಒಂದು ಬೆಳಗ್ಗೆ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ತನ್ನ ಇಬ್ಬರು ಹರೆಯದ ಗಂಡುಮಕ್ಕಳೊಂದಿಗೆ ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಈ ಗಾಡಿಯಲ್ಲಿ ಹೊರಟಳು. ಸುಮಾರು 105 ಕಿಲೋಮೀಟರ್. ಅಫಜಲಪುರದಿಂದ ಕಲಬುರಗಿಗೆ ಬಂದು ಅಲ್ಲಿಂದ ಜೇವರ್ಗಿ ಮುಟ್ಟಿದಷ್ಟು ದೂರ. ದಾರಿಯಲ್ಲಿ ಪೆಟ್ರೋಲ್ ಬಂಕು ಎಂಬುದಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಬಳಸುತ್ತಿದ್ದ ದ್ರಾವಕವನ್ನೇ ಇಂಧನವಾಗಿ ಕೊಂಡಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಮೋಚಿಯೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದಳು. ಏರಿನಲ್ಲಿ ಗಾಡಿ ಹತ್ತದಿದ್ದಾಗ ಮಕ್ಕಳು ಇಳಿದು ನೂಕಿದರು. ತಿರುಗಿ ಬಂದ ಮೇಲೆ ಅವರ ಅನುಭವ ಕೇಳಿ ಬೆಂಜ್ ಏರು ಹತ್ತಲು ಇನ್ನೊಂದು ಗೇರು ಸೇರಿಸಿದ.

ಇಲ್ಲಿ ಪ್ರಶಿಕ್ಷಣಾರ್ಥಿಗಳು 'ಮಹಿಳಾ ಸಬಲೀಕರಣ' ಎಂಬ ಶೀರ್ಷಿಕೆ ಬರೆದು ಮುಂದೆ ಹೋಗಿಬಿಡುತ್ತಾರೆ. ಅದಕ್ಕಿಂತ ಪ್ರಶ್ನೆ ಕೇಳುವುದು ಮೇಲು. ಪೇಟೆಂಟಿನ ಮೇಲೆ ಯಾರ ಹೆಸರಿದೆ? ಗಾಡಿ ದೂರ ಹೋಗಬಲ್ಲದೆಂದು ತೋರಿಸಿದವರು ಯಾರು? ಔಷಧಿ ಅಂಗಡಿಯವ, ಮೋಚಿ ಇವರಿಲ್ಲದೆ ಆ ಪ್ರಯಾಣ ಮುಗಿಯುತ್ತಿತ್ತೇ? ಬ್ರೇಕಿಗೆ ಚರ್ಮ ಹೊಡೆದವನ ಕಸುಬನ್ನು ಮಾಡುವವರ ಮಕ್ಕಳು ನಮ್ಮ ತರಗತಿಯಲ್ಲೂ ಕುಳಿತಿರುತ್ತಾರೆ. ಅವರ ಕಡೆ ಬೆರಳು ತೋರಿಸಬೇಕಿಲ್ಲ. ಆ ಕಸುಬು ಮೋಟಾರಿನ ಚರಿತ್ರೆಯಲ್ಲಿ ಒಂದು ಸಾಲು ಪಡೆದಿದೆ ಎಂದು ಹಲಗೆಯ ಮೇಲೆ ಬರೆದರೆ ಸಾಕು.

ಗಾಲಿ ಮತ್ತು ಎರೆಮಣ್ಣು

ಅದೇ 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿದ. ರಾಬರ್ಟ್ ಥಾಮ್ಸನ್ ಎಂಬಾತ 1845ರಲ್ಲೇ ಇಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ; ಆಗ ಅದು ನಡೆಯಲಿಲ್ಲ. 'ಮೊದಲು' ಎಂಬ ಪದ ಎಷ್ಟು ಜಾರುವ ಪದವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಮ್ಮ ಭಾಗದ ಮಕ್ಕಳಿಗೆ ಟೈರಿನ ಮಹತ್ವವನ್ನು ವಿವರಿಸುವುದು ಸುಲಭ. ಕಬ್ಬಿಣದ ಪಟ್ಟಿಯ ಗಾಲಿಯ ಬಂಡಿ ಮಳೆಗಾಲದಲ್ಲಿ ಎರೆಭೂಮಿಯಲ್ಲಿ ಹೇಗೆ ಹೂತುಕೊಳ್ಳುತ್ತದೆ, ಟೈರಿನ ಬಂಡಿ ಹೇಗೆ ಸಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ, ಇಲ್ಲವೇ ಮನೆಯ ಹಿರಿಯರಿಂದ ಕೇಳಿರುತ್ತಾರೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ಜೊತೆಗೇ ಏಳುತ್ತದೆ, ಕುಸಿಯುತ್ತದೆ. ಗಟ್ಟಿ ಬುನಾದಿ ಇಲ್ಲದೆ ಇಲ್ಲಿ ರಸ್ತೆ ಬಾಳುವುದಿಲ್ಲ. ಜೇವರ್ಗಿಯ ಮಕ್ಕಳಿಗೆ ಇನ್ನೊಂದು ಮಾತು ಸೇರಿಸಿ: ಕಲಬುರಗಿಗೂ ಜೇವರ್ಗಿಗೂ ನಡುವೆ ಭೀಮೆ ಹರಿಯುತ್ತಾಳೆ. ಹೊಳೆಗೆ ಗಟ್ಟಿ ಸೇತುವೆ ಇಲ್ಲದಿದ್ದರೆ ಜರ್ಮನಿಯಲ್ಲಿ ಎಂಥ ಎಂಜಿನ್ ತಯಾರಾದರೂ ಈ ದಂಡೆಯವರಿಗೆ ಉಪಯೋಗವಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಹರಿದಾಗ ದಂಡೆಯ ಹಳ್ಳಿಗಳ ದಾರಿಗಳು ನೀರಲ್ಲಿ ಮುಳುಗಿದ್ದನ್ನು ಕಂಡ ಮಕ್ಕಳಿದ್ದಾರೆ. ವಾಹನದ ಚರಿತ್ರೆಯ ಅರ್ಧ ಭಾಗ ರಸ್ತೆ, ಸೇತುವೆಗಳ ಚರಿತ್ರೆ. ನಮ್ಮ ಚಾರ್ಟುಗಳಲ್ಲಿ ಆ ಅರ್ಧ ಇರುವುದೇ ಇಲ್ಲ.

ಡೀಸೆಲ್ ಎಂಜಿನ್ನಿಗೆ ಸೈಕಲ್ ಪಂಪು ಸಾಕು. ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹತ್ತಾರು ಸಲ ಜೋರಾಗಿ ಒತ್ತಿಸಿ, ಕೊಳವೆಯ ಬುಡ ಮುಟ್ಟಿಸಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಬಲವಾಗಿ ಒತ್ತಿದರೆ ಕಾಯುತ್ತದೆ. ಸಾಕಷ್ಟು ಒತ್ತಿದರೆ ಕಿಡಿಯೇ ಇಲ್ಲದೆ ಇಂಧನ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ಮರ್ಮ ಇಷ್ಟೇ. ಅದು ಲಾರಿಗಳಿಗೆ ಬಂದದ್ದು 1920ರ ದಶಕದಲ್ಲಿ. ಇಂದು ಬಸ್ಸು, ಲಾರಿ, ಕಬ್ಬು ಸಾಗಿಸುವ ಟ್ರ್ಯಾಕ್ಟರು, ಕ್ರೂಸರ್ ಎಲ್ಲದರ ಹೊಟ್ಟೆಯಲ್ಲೂ ಅದೇ ತತ್ತ್ವ.

ಫೋರ್ಡ್: ಕಾಗದದ ಕಾರ್ಖಾನೆ

ಎರಡನೆಯ ಅವಧಿಯನ್ನು ಚಟುವಟಿಕೆಯಿಂದ ಶುರು ಮಾಡಿ. ಎರಡು ಗುಂಪು, ಗುಂಪಿಗೆ ಆರು ಮಕ್ಕಳು, ಹತ್ತು ನಿಮಿಷ. ಕೆಲಸ: ನೋಟ್‌ಬುಕ್ ಹಾಳೆಯಿಂದ ಕಾರಿನ ಆಕಾರ ಕತ್ತರಿಸಿ, ಎರಡು ಗಾಲಿ ಅಂಟಿಸಿ, ಕಿಟಕಿ ಬರೆದು, ನಂಬರು ಹಾಕುವುದು. ಮೊದಲ ಗುಂಪಿನಲ್ಲಿ ಪ್ರತಿ ಮಗು ಇಡೀ ಕಾರನ್ನು ತಾನೇ ಮಾಡುತ್ತದೆ. ಎರಡನೆಯದರಲ್ಲಿ ಒಬ್ಬರು ಆಕಾರ, ಒಬ್ಬರು ಗಾಲಿ, ಒಬ್ಬರು ಅಂಟು ಹೀಗೆ ಕೆಲಸ ಹಂಚಿ, ಹಾಳೆ ಒಬ್ಬರಿಂದೊಬ್ಬರಿಗೆ ಸರಿಯುತ್ತದೆ. ಎರಡನೆಯ ಗುಂಪು ಸಾಮಾನ್ಯವಾಗಿ ಮುಂದಿರುತ್ತದೆ.

ಆಮೇಲೆ ವಿವರಣೆ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ 1908ರಲ್ಲಿ ಬಂತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಜಾರಿಗೆ ಬಂದ ಮೇಲೆ, ಒಂದು ಚಾಸಿ ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆ ಮುಂದಿನ ವರ್ಷದ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು. 850 ಡಾಲರಿನ ಗಾಡಿ 1920ರ ದಶಕದಲ್ಲಿ 300 ಡಾಲರಿಗಿಂತ ಕೆಳಗೆ ಬಂತು. 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿ ತಯಾರಾದವು. ಇಷ್ಟು ಹೇಳಿ ನಿಲ್ಲಿಸಿದರೆ ಅದು ಜಾಹೀರಾತಾಗುತ್ತದೆ. ಗಾಲಿ ಮಾತ್ರ ಕತ್ತರಿಸಿದ ಮಗುವಿನ ಕಡೆ ತಿರುಗಿ "ನಿನಗ ಹೆಂಗನಿಸ್ತಪ್ಪ?" ಎಂದು ಕೇಳಿ. "ಬ್ಯಾಸರಾತ್ರಿ" ಎಂಬ ಉತ್ತರ ಬಂದರೆ ಅಲ್ಲಿಗೆ ಪಾಠ ಗಟ್ಟಿಯಾಯಿತು. ಫೋರ್ಡ್‌ನ ಕಾರ್ಮಿಕರೂ ಬೇಸತ್ತು ಗುಂಪುಗುಂಪಾಗಿ ಕೆಲಸ ಬಿಡುತ್ತಿದ್ದರು. 1914ರಲ್ಲಿ ಆತ ದಿನಗೂಲಿಯನ್ನು 5 ಡಾಲರಿಗೆ ಏರಿಸಿದ್ದಕ್ಕೆ ಅದೂ ಒಂದು ಕಾರಣ. ದುಡಿಯಲು ಮುಂಬೈ, ಪುಣೆಗೆ ಹೋಗಿಬಂದ ತಂದೆತಾಯಿಗಳ ಮಕ್ಕಳಿಗೆ ಕೂಲಿ, ಬೇಸರ, ಕೆಲಸ ಬದಲಿಸುವುದು ಇವು ಪುಸ್ತಕದ ಮಾತುಗಳಲ್ಲ.

ಎಲೆಕ್ಟ್ರಿಕ್ ಗಾಡಿ ಹೊಸದು ಎಂದು ಎಲ್ಲ ಮಕ್ಕಳೂ ನಂಬಿರುತ್ತಾರೆ. ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ ಮೊದಲ ಕಾರು 1899ರದು, ಅದು ಓಡಿದ್ದು ಬ್ಯಾಟರಿಯಿಂದ ಎಂದು ಹೇಳಿ ನೋಡಿ. ಆಗ ಪೆಟ್ರೋಲ್ ಗಾಡಿಯನ್ನು ಶುರು ಮಾಡಲು ಹ್ಯಾಂಡಲ್ ಹೊಡೆಯಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಎಲೆಕ್ಟ್ರಿಕ್ ಗಾಡಿಗೆ ಆ ಕಾಟವಿರಲಿಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದು ಪೆಟ್ರೋಲ್ ಗಾಡಿಯ ದಾರಿ ಸಲೀಸಾಯಿತು. ಬ್ಯಾಟರಿ ಕಾರು ನಮ್ಮ ರಾಜ್ಯದಲ್ಲಿ ಮಾರಾಟಕ್ಕೆ ಬಂದದ್ದು 2001ರಲ್ಲಿ, ಬೆಂಗಳೂರಿನ ರೇವಾ.

ಕೆಳಗಿನ ಹಗ್ಗ

ಮೇಲಿನ ಹಗ್ಗ ತುಂಬಿದ ಮೇಲೆ ಕೆಳಗಿನದು ಬೋಳಾಗಿ ಕಾಣುತ್ತದೆ. ಅದೇ ಬೇಕಾದದ್ದು.

ಮೊದಲ ಚೀಟಿ 1932. ಆಗ ಕಲಬುರಗಿ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಆ ವರ್ಷದ ಜೂನ್‌ನಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸು ಮತ್ತು 166 ನೌಕರರೊಂದಿಗೆ ಶುರುವಾಯಿತು. ರೈಲ್ವೆಯವರೇ ಬಸ್ಸು ಏಕೆ ನಡೆಸಿದರು? ಖಾಸಗಿ ಮೋಟಾರುಗಳು ರೈಲಿನ ಗಿರಾಕಿಯನ್ನು ಸೆಳೆಯುತ್ತಿದ್ದ ಕಾಲವದು. ಬಸ್ಸು ರೈಲಿಗೆ ಎದುರಾಳಿಯಾಗುವ ಬದಲು ನಿಲ್ದಾಣಕ್ಕೆ ಜನರನ್ನು ತಂದು ಮುಟ್ಟಿಸಲಿ ಎಂಬ ಲೆಕ್ಕಾಚಾರ. ಇಲ್ಲಿ ಒಂದು ಎಚ್ಚರ ಬೇಕು. ಎರಡು ಲಕ್ಷ ಚದರ ಕಿಲೋಮೀಟರಿಗೂ ದೊಡ್ಡದಾದ ಸಂಸ್ಥಾನಕ್ಕೆ 27 ಬಸ್ಸು. ಆದ್ದರಿಂದ '1932ರಲ್ಲಿ ನಮ್ಮೂರಿಗೆ ಬಸ್ಸು ಬಂತು' ಎಂದು ಹಲಗೆಯ ಮೇಲೆ ಬರೆಯಬಾರದು. ಸಂಸ್ಥಾನಕ್ಕೆ ಬಂದದ್ದು ಬೇರೆ, ಊರಿಗೆ ಬಂದದ್ದು ಬೇರೆ.

ಮುಂದಿನ ಚೀಟಿ 1948. ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಉದ್ಘಾಟನೆಯಾಯಿತು. ಮರುದಿನ, ಸೆಪ್ಟೆಂಬರ್ 13ರಂದು, ನಮ್ಮ ಕಡೆ ಪೊಲೀಸ್ ಕಾರ್ಯಾಚರಣೆ ಶುರುವಾಯಿತು. ಇಂದು ಒಂದೇ ರಾಜ್ಯವಾಗಿರುವ ನೆಲದ ಎರಡು ಭಾಗಗಳು ಆ ವಾರ ಎಷ್ಟು ಬೇರೆಬೇರೆ ಕಾಲದಲ್ಲಿ ಬದುಕುತ್ತಿದ್ದವು! ಸಮಾಜ ವಿಜ್ಞಾನದ ಶಿಕ್ಷಕರು ಇದನ್ನು ಬಿಡಬಾರದು. 1951ರ ನವೆಂಬರಿನಲ್ಲಿ ನಿಜಾಮನ ಕಾಲದ ಸಾರಿಗೆ ವಿಭಾಗ ರೈಲ್ವೆಯಿಂದ ಹೈದರಾಬಾದ್ ರಾಜ್ಯ ಸರ್ಕಾರದ ಕೈಗೆ ಬಂತು. 1 ನವೆಂಬರ್ 1956ರಂದು ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯ ಸೇರಿದವು. 1961ರ ಆಗಸ್ಟ್‌ನಲ್ಲಿ ಸಾರಿಗೆ ನಿಗಮವಾಯಿತು. 2000ದಲ್ಲಿ ಕಲಬುರಗಿಯಲ್ಲೇ ಕೇಂದ್ರ ಕಚೇರಿಯಿರುವ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಎಂದು ಬದಲಾಯಿತು. 1 ನವೆಂಬರ್ 2008ರಿಂದ 108 ಆಂಬುಲೆನ್ಸ್. 11 ಜೂನ್ 2023ರಿಂದ ಶಕ್ತಿ ಯೋಜನೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಈ ಚೀಟಿ ಹಾಕುವಾಗ ತರಗತಿ ರಾಜಕೀಯದ ವಾದಕ್ಕೆ ಜಾರಬಹುದು. "ಬಸ್ಸು ಪುಕ್ಕಟೆ ಆದ ಮೇಲೆ ನಿಮ್ಮ ಮನಿಯಾಗ ಯಾರು ಎಲ್ಲಿಗೆ ಹೋದ್ರು?" ಎಂದು ಕೇಳಿ ವಿಷಯದೊಳಗೇ ಉಳಿಸಿ. ತವರಿಗೆ, ಆಸ್ಪತ್ರೆಗೆ, ಗಾಣಗಾಪುರಕ್ಕೆ, ಆಳಂದದ ದರ್ಗಾಕ್ಕೆ ಎಂದು ಉತ್ತರಗಳು ಬರುತ್ತವೆ.

ಇಷ್ಟೆಲ್ಲ ಆದ ಮೇಲೂ ಒಂದು ಚೀಟಿ ಖಾಲಿ ಉಳಿದಿರುತ್ತದೆ: 'ನಮ್ಮ ಊರಿಗೆ ಮೊದಲ ಬಸ್ಸು ಬಂದದ್ದು'. ಇದು ಪುಸ್ತಕದಲ್ಲಿ ಸಿಗುವುದಿಲ್ಲ, ಮನೆಗೆಲಸವಾಗಿ ಕೊಡಬೇಕು. ಅಜ್ಜಿಯನ್ನು "ಯಾವ ಇಸವಿ?" ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ನೆನಪಿಗೆ ಗೂಟ ಬೇಕು. ರಜಾಕಾರರ ಗಲಾಟೆಯ ಮೊದಲೋ ಆಮೇಲೋ? 1972ರ ಬರದ ಹೊತ್ತಿಗೆ ಬಸ್ಸು ಇತ್ತೇ? ಇಂದಿರಾ ಗಾಂಧಿ ತೀರಿಕೊಂಡಾಗ? ಕಿಲ್ಲಾರಿ ಭೂಕಂಪದಾಗ? ಈ ಕೊನೆಯದು, 30 ಸೆಪ್ಟೆಂಬರ್ 1993, ಆಳಂದದ ಕಡೆ ನೆಲ ನಡುಗಿದ ರಾತ್ರಿ. ಹಿರಿಯರು ಯಾರೂ ಮರೆತಿಲ್ಲ. ಇಂಥ ನಾಲ್ಕು ಗೂಟಗಳ ನಡುವೆ ಊರಿನ ಮೊದಲ ಬಸ್ಸನ್ನು ಹಿಡಿಯಬಹುದು. ಒಂದೇ ಊರಿನ ಇಬ್ಬರು ಅಜ್ಜಂದಿರು ಬೇರೆಬೇರೆ ಹೇಳಿದರೆ ಎರಡನ್ನೂ ಬರೆಸಿ, ಯಾರ ಮಾತಿಗೆ ಯಾವ ಆಧಾರವಿದೆ ಎಂದು ಚರ್ಚಿಸಿ. ಮೌಖಿಕ ಆಕರಗಳ ಬಗ್ಗೆ ನಾವು ಬಿ.ಇಡಿ. ತರಗತಿಯಲ್ಲಿ ಬರೆಸುವ ಟಿಪ್ಪಣಿಗಿಂತ ಈ ಒಂದು ಜಗಳ ಹೆಚ್ಚು ಕಲಿಸುತ್ತದೆ.

ಚೀಟಿಗಳು ಮರುದಿನ ಬಂದ ಮೇಲೆ ಮೇಲಿನ ಹಗ್ಗಕ್ಕೂ ಕೆಳಗಿನದಕ್ಕೂ ದಾರ ಕಟ್ಟಿ ಅಂತರ ಎಣಿಸಿ. 1886ರ ಗಾಡಿಗೂ 1932ರ ಸಂಸ್ಥಾನದ ಬಸ್ಸಿಗೂ 46 ವರ್ಷ. ಸಂಸ್ಥಾನದ ಬಸ್ಸಿಗೂ ಊರಿನ ಬಸ್ಸಿಗೂ ಎಷ್ಟು? ಆಳಂದ ಪೇಟೆಯ ಮಗುವಿಗೂ ಒಳಹಳ್ಳಿಯ, ತಾಂಡಾದ ಮಗುವಿಗೂ ದಾರದ ಉದ್ದ ಬೇರೆ ಇರುತ್ತದೆ. ಏಕೆ ತಡವಾಯಿತು ಎಂಬುದಕ್ಕೆ ಮಕ್ಕಳು ರಸ್ತೆ, ಹೊಳೆ, ಮಣ್ಣು, ಹಣ, ಜನಸಂಖ್ಯೆ ಎಂದು ತಾವೇ ಹೇಳುತ್ತಾರೆ. ಶಿಕ್ಷಕರು ಆಗ ಬಾಯಿ ಬಿಗಿಹಿಡಿದು ಕೇಳಬೇಕು.

ಸುರಕ್ಷತೆಯ ಚೀಟಿ

ಪ್ರಶಿಕ್ಷಣಾರ್ಥಿಗಳ ಕಾಲರೇಖೆಗಳಲ್ಲಿ ತಪ್ಪದೆ ಬಿಟ್ಟುಹೋಗುವ ಇಸವಿ 1959. ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಹೆಗಲು ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಮೂರು ಬಿಂದುವಿನ ಸೀಟ್ ಬೆಲ್ಟ್ ರೂಪಿಸಿದ. ಕಂಪನಿ ಆ ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟಿತು. ಇದನ್ನು ಓದಿಸುವ ತರಗತಿಯಲ್ಲಿ ಕುಳಿತವರು ಜಾತ್ರೆಗೆ, ಮದುವೆಗೆ ಕ್ರೂಸರಿನ ಹಿಂದೆ ಜೋತುಬಿದ್ದು, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಕುಳಿತು ಹೋಗುವ ಮಕ್ಕಳು. "ಹಾಗೆ ಹೋಗಬಾರದು" ಎಂಬ ಉಪದೇಶ ಇಲ್ಲಿ ನಡೆಯದು. ಬೇರೆ ಗಾಡಿ ಇಲ್ಲದಿದ್ದಾಗ ಏನು ಮಾಡಬೇಕೆಂದು ಅವರು ತಿರುಗಿ ಕೇಳಿದರೆ ನಮ್ಮ ಬಳಿ ಉತ್ತರವಿರಬೇಕು. ಓಡುವ ಸೈಕಲ್ಲು ಕಲ್ಲಿಗೆ ಬಡಿದು ನಿಂತಾಗ ಸವಾರ ಏಕೆ ಮುಂದಕ್ಕೆ ಹಾರುತ್ತಾನೆ ಎಂಬ ಜಡತ್ವದ ಪ್ರಶ್ನೆಯಿಂದ ಹೋಗಿ, ಬೆಲ್ಟು ಏನು ಮಾಡುತ್ತದೆ ಎಂಬಲ್ಲಿಗೆ ಬನ್ನಿ. 9ನೇ ತರಗತಿಯ ಹುಡುಗರಲ್ಲಿ ಬೈಕು ಓಡಿಸುವವರು ಇದ್ದೇ ಇರುತ್ತಾರೆ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಎಂಬುದನ್ನು ತಿಳಿಸಿ. ಶಿಕ್ಷೆ ತನಗಲ್ಲ, ಅಪ್ಪನಿಗೆ ಎಂದಾಗ ಹುಡುಗರು ಸುಮ್ಮನಾಗುತ್ತಾರೆ.

ಈ ಭಾಗಕ್ಕೆ ಮೊದಲು ತರಗತಿ ಶಿಕ್ಷಕರನ್ನು ಒಂದು ಮಾತು ಕೇಳಿಕೊಳ್ಳಿ: ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಮಗು ಇದೆಯೇ? ಇದ್ದರೆ ಅಪಘಾತದ ಚಿತ್ರ ತೋರಿಸಬೇಡಿ, ಅನುಭವ ಹೇಳೆಂದು ಒತ್ತಾಯಿಸಬೇಡಿ. ಮಗು ತಾನಾಗಿ ಹೇಳಿದರೆ ಪೂರ್ತಿ ಕೇಳಿ, ಅವಧಿ ಮುಗಿದರೂ ಸರಿ. ಪಾಠ ಯೋಜನೆಯಲ್ಲಿ ಇದಕ್ಕೆ ಅಂಕಣವಿಲ್ಲ. ವೀಕ್ಷಕರು ಮಾತ್ರ ಇದನ್ನು ಗಮನಿಸಿ ಬರೆಯಬೇಕು.

ಮೌಲ್ಯಮಾಪನ

"ಕಾರಿನ ಪಿತಾಮಹ ಯಾರು?" ಎಂಬುದರ ಬದಲು ಇಂಥ ಪ್ರಶ್ನೆಗಳು: ಹಬೆ ಗಾಡಿ ಹಳಿಯ ಮೇಲೆ ಗೆದ್ದು ರಸ್ತೆಯಲ್ಲಿ ಏಕೆ ಸೋತಿತು? ಬರ್ತಾ ಬೆಂಜ್‌ಳ ಪ್ರಯಾಣದಲ್ಲಿ ನೆರವಾದ ಇಬ್ಬರು ಕಸುಬುದಾರರು ಯಾರು, ಅವರು ಮಾಡಿದ್ದೇನು? ಕಾಲರೇಖೆಯಲ್ಲಿ ಯಾವ ಎರಡು ಚೀಟಿಗಳ ನಡುವಿನ ಅಂತರ ನಿನಗೆ ಅತಿ ಹೆಚ್ಚು ಎನಿಸಿತು, ಕಾರಣ ಬರೆ. ಕೊನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಕಾರಣಕ್ಕೆ ಅಂಕ ಕೊಡಬೇಕು. ಇಸವಿಗಳನ್ನು ಬಾಯಿಪಾಠ ಕೇಳುವುದೇ ಆದರೆ ಮೂರಕ್ಕಿಂತ ಹೆಚ್ಚು ಬೇಡ: 1886, 1913, 1932.

ವೀಕ್ಷಣೆಗೆ ಹೋಗುವ ಸಹೋದ್ಯೋಗಿಗಳಿಗೊಂದು ಕೋರಿಕೆ. ಹಿಂದಿನ ಬೆಂಚಿನಲ್ಲಿ ಕುಳಿತು ಚಾರ್ಟಿನ ಅಂದವನ್ನು ನೋಡುವ ಬದಲು, ಪೀಠಿಕೆಯಲ್ಲಿ 'ನಡೆದು ಬಂದೆ' ಎಂದ ಮಕ್ಕಳು ಯಾರೆಂದು ಗುರುತು ಹಾಕಿಕೊಳ್ಳಿ. ಎರಡು ಅವಧಿಗಳಲ್ಲಿ ಅವರು ಎಷ್ಟು ಸಲ ಮಾತಾಡಿದರು ಎಂದು ಎಣಿಸಿ, ಆ ಸಂಖ್ಯೆಯನ್ನು ಪ್ರಶಿಕ್ಷಣಾರ್ಥಿಗೆ ತೋರಿಸಿ. ಹಗ್ಗಗಳನ್ನು ಮಾತ್ರ ಅಭ್ಯಾಸ ಪಾಠ ಮುಗಿದ ದಿನವೇ ಬಿಚ್ಚಿಸಬೇಡಿ. ಊರಿನ ಮೊದಲ ಬಸ್ಸಿನ ಚೀಟಿ ಕೆಲವು ಮನೆಗಳಿಂದ ವಾರವಾದ ಮೇಲೆ ಬರುತ್ತದೆ.